ಹಿಂದಿನಿಂದ ಬಂದದ್ದು ಅಂದ್ರೆ ಎಷ್ಟು ಹಿಂದಿನಿಂದ?

ನಮ್ಮ ಕಡೆ ಅಪ್ಪ ತೀರಿಕೊಂಡ ಮೇಲೆ ಅಣ್ಣ-ತಮ್ಮಂದಿರು ಖಾತೆ ಮಾಡಿಸ್ಕೊಳ್ಳೋಕೆ ಓಡಾಡ್ತಾರೆ. ಆವಾಗ ಅಕ್ಕ-ತಂಗೇರಿಗೆ ಫೋನ್ ಬರ್ತದೆ. "ಒಂದು ಸೈನ್ ಐತೆ, ಬಂದು ಹೋಗಮ್ಮ" ಅಂತ. ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಿಸ್ಕೊಂಡು, ಹೋಳಿಗೆ ಊಟ ಹಾಕಿ, ಮಡಿಲಕ್ಕಿ ತುಂಬಿ, ಅನುಕೂಲ ಇದ್ದವರು ಒಂದು ಮೊಳಕಾಲ್ಮೂರು ಸೀರೆ ಕೊಟ್ಟು ಕಳಿಸ್ತಾರೆ. ಯಾರಾದ್ರೂ ಬಾಯಿಬಿಟ್ಟು ಕೇಳಿದ್ರೆ ಉತ್ತರ ಒಂದೇ: "ಮದುವೆ ಮಾಡಿ ಕೊಟ್ಟ ಮೇಲೆ ಹೆಣ್ಣುಮಕ್ಕಳದ್ದು ಮುಗೀತು. ಇದು ಹಿಂದಿನಿಂದ ಬಂದದ್ದು."

ಸರಿ, ಹಿಂದಿನಿಂದ ಅಂದ್ರೆ ಎಷ್ಟು ಹಿಂದಿನಿಂದ? ಇದನ್ನ ನೋಡೋಕೆ ದೂರ ಹೋಗೋದು ಬೇಕಿಲ್ಲ, ಮೊದಲು ನಮ್ಮ ಮೊಳಕಾಲ್ಮೂರು ತಾಲ್ಲೂಕಿನಿಂದಲೇ ಶುರು ಮಾಡೋಣ.

ಅಶೋಕ ಸಿದ್ದಾಪುರದ ಹತ್ರ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟ, ಈ ಮೂರೂ ಕಡೆ ಅಶೋಕ ಚಕ್ರವರ್ತಿಯ ಬರಹ ಐತೆ. ಕ್ರಿ.ಪೂ. 3ನೇ ಶತಮಾನದ್ದು. 1892ರಲ್ಲಿ ಬಿ.ಎಲ್. ರೈಸ್ ಅವರು ಇದನ್ನ ಪತ್ತೆ ಮಾಡಿದ್ರು. ಜಟಿಂಗ ರಾಮೇಶ್ವರದ ಬಂಡೆಗೆ ಜನ ಬಳೆಗಾರ ಗುಂಡು ಅಂತ ಕರೀತಿದ್ರು, ಜಾತ್ರೇಲಿ ಬಳೆಗಾರರು ಅಲ್ಲೇ ಬಳೆ ಹರವಿಕೊಂಡು ಕೂರ್ತಿದ್ರಂತೆ. ಬರಹ ಶುರುವಾಗೋದು ನಾವು ಕಾಗದ ಬರೀತಿದ್ದ ಹಾಗೇ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ, ಇಸಿಲ ಅನ್ನೋ ಊರಿನ ಅಧಿಕಾರಿಗಳ ಕ್ಷೇಮ ವಿಚಾರಿಸಿ ಆಮೇಲೆ ವಿಷಯಕ್ಕೆ ಬರ್ತಾನೆ. ಆ ಇಸಿಲ ಅಂದ್ರೆ ನಮ್ಮ ಬ್ರಹ್ಮಗಿರಿ ಪಕ್ಕದ ಊರೇ ಅಂತ ತಿಳಿದವರು ಹೇಳ್ತಾರೆ.

ಕೊನೇಲಿ ಇರೋ ಬುದ್ಧಿಮಾತು ದೊಡ್ಡದೇನಲ್ಲ. ತಾಯಿ ತಂದೆ ಮಾತು ನಡೆಸಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವಿಗೆ ಮರ್ಯಾದೆ ಕೊಡಬೇಕು, ನೆಂಟರ ಜೊತೆ ಸರಿಯಾಗಿ ನಡ್ಕೊಬೇಕು. ಆಮೇಲೆ ಒಂದು ಮಾತು: ಇದು ಪುರಾತನ ಪದ್ಧತಿ ಅಂತ. ನೋಡಿ, ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಕೂಡ ಜನ "ಇದು ಹಿಂದಿನಿಂದ ಬಂದದ್ದು" ಅಂತಲೇ ಹೇಳ್ತಿದ್ರು! ಆದ್ರೆ ಆ ಪಟ್ಟೀಲಿ ತಾಯಿ ಮೊದಲು ಬರ್ತಾಳೆ, ತಂದೆ ಆಮೇಲೆ. ನೋಡ್ಕೊಳ್ಳೋರು ಗಂಡುಮಕ್ಕಳೇ ಆಗಿರಬೇಕು ಅಂತಾನೂ ಬರೆದಿಲ್ಲ.

ಕಲ್ಲಿನಲ್ಲಿ ಆಸ್ತಿ ಮಾತಿಲ್ಲ. ಅದಕ್ಕೆ 1,300 ವರ್ಷಕ್ಕೂ ಹೆಚ್ಚು ಮುಂದೆ ಬಂದು ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ ಹೋಗಬೇಕು. ಅದು ಚಾಲುಕ್ಯರ 6ನೇ ವಿಕ್ರಮಾದಿತ್ಯನ ರಾಜಧಾನಿ. 1076ರಿಂದ 1126ರವರೆಗೆ ಆಳಿದ ಆ ರಾಜನ ಕಾಲದಲ್ಲಿ ವಿಜ್ಞಾನೇಶ್ವರ ಅನ್ನೋ ಪಂಡಿತರು ಯಾಜ್ಞವಲ್ಕ್ಯ ಸ್ಮೃತಿಗೆ ಒಂದು ಟೀಕೆ ಬರೆದ್ರು. ಅದೇ ಮಿತಾಕ್ಷರ. ಬಂಗಾಳದ ಕಡೆ ಬಿಟ್ಟು ಹೆಚ್ಚುಕಮ್ಮಿ ಇಡೀ ದೇಶದ ಹಿಂದೂ ಆಸ್ತಿ ಕಾನೂನಿಗೆ ಇದೇ ಬುಡ. ಪತ್ರದಲ್ಲಿ ಪಿತ್ರಾರ್ಜಿತ, ಸ್ವಯಾರ್ಜಿತ ಅಂತ ಬೇರೆ ಬೇರೆ ಬರೀತಾರಲ್ಲ, ಆ ಲೆಕ್ಕಾಚಾರ ಬೆಳೆದಿದ್ದು ಈ ಪುಸ್ತಕದಿಂದ.

ವಿಜ್ಞಾನೇಶ್ವರರು ಹೆಣ್ಣಿಗೆ ಸಮಪಾಲು ಕೊಟ್ಟರು ಅಂತ ನಾನು ಹೇಳಲ್ಲ. ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಅಂದಿದ್ದು ಗಂಡುಮಕ್ಕಳಿಗೆ, ಮೊಮ್ಮಕ್ಕಳಿಗೆ. ಆದ್ರೆ ಮದುವೆಯಾಗದ ಮಗಳಿಗೆ ಗಂಡುಮಗನ ಪಾಲಿನ ನಾಲ್ಕನೇ ಒಂದು ಭಾಗ ಅಂತ ಇತ್ತು. ಅದು ಬರೀ ಮದುವೆ ಖರ್ಚು ಅಂತ ಆಗಲೂ ಕೆಲವು ಪಂಡಿತರು ವಾದ ಮಾಡಿದ್ರು. ವಿಜ್ಞಾನೇಶ್ವರರು ಒಪ್ಪಲಿಲ್ಲ. ಅದು ಖರ್ಚಲ್ಲ, ಪಾಲು ಅಂದ್ರು. ಸ್ತ್ರೀಧನ ಅಂದ್ರೆ ತವರಿನವರು ಕೊಟ್ಟ ಒಡವೆ ಅಷ್ಟೇ ಅಲ್ಲ, ಹೆಣ್ಣಿಗೆ ವಾರಸಾಗಿ ಬಂದಿದ್ದು, ಅವಳು ಕೊಂಡಿದ್ದು, ಪಾಲಿನಲ್ಲಿ ಸಿಕ್ಕಿದ್ದು ಎಲ್ಲಾ ಸೇರ್ತದೆ ಅಂದ್ರು. ಮಕ್ಕಳಿಲ್ಲದೆ ಸತ್ತ ಮಗನ ಆಸ್ತಿ ಹೆತ್ತವರಿಗೆ ಬರೋ ಹೊತ್ತಿಗೆ ತಂದೆಗಿಂತ ಮೊದಲು ತಾಯಿ ಅಂದ್ರು.

ಹಂಗಾದ್ರೆ ಇದು ಎಲ್ಲಿ ಕಳೆದುಹೋಯ್ತು? ಸ್ವಲ್ಪ ಮನೆಗಳ ರೂಢಿಯಲ್ಲಿ, ಸ್ವಲ್ಪ ಕೋರ್ಟಿನಲ್ಲಿ. 1772ರಲ್ಲಿ ಕಂಪನಿ ಸರ್ಕಾರ, ಹಿಂದೂಗಳ ಮದುವೆ-ವಾರಸು ವ್ಯಾಜ್ಯಕ್ಕೆ ಶಾಸ್ತ್ರವೇ ಕಾನೂನು ಅಂತ ಮಾಡಿತು. 1810ರಲ್ಲಿ ಕೋಲ್‌ಬ್ರೂಕ್ ಮಿತಾಕ್ಷರದ ದಾಯಭಾಗವನ್ನ ಇಂಗ್ಲಿಷಿಗೆ ತಂದ್ರು. ಆಮೇಲೆ ಲಂಡನ್ನಿನ ಪ್ರಿವಿ ಕೌನ್ಸಿಲ್ಲು, ಹೆಣ್ಣಿಗೆ ವಾರಸಾಗಿ ಬಂದ ಆಸ್ತಿ ಸ್ತ್ರೀಧನ ಅಲ್ಲ, ಬದುಕಿರೋವರೆಗೆ ಅನುಭವಿಸಬಹುದು ಅಷ್ಟೇ ಅಂತ ತೀರ್ಪು ಕೊಡ್ತು. ಪುಸ್ತಕದಲ್ಲಿ ಇದ್ದಿದ್ದೇ ಒಂದು, ನಡೆದಿದ್ದೇ ಒಂದು.

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಮೈಸೂರು ಸಂಸ್ಥಾನದಲ್ಲಿದ್ವು. 1933ರಲ್ಲಿ ಮೈಸೂರು ಸರ್ಕಾರ ಹೆಣ್ಣುಮಕ್ಕಳ ಹಕ್ಕಿಗೆ ಅಂತಲೇ ಒಂದು ಕಾನೂನು ಮಾಡಿ, ಪಾಲಾಗೋ ಹೊತ್ತಿಗೆ ವಿಧವೆ, ತಾಯಿ, ಮದುವೆಯಾಗದ ಮಗಳಿಗೆ ಒಂದಿಷ್ಟು ಭಾಗ ಕೊಡ್ತು. ಪಕ್ಕದ ಬಳ್ಳಾರಿ, ರಾಯದುರ್ಗ ಆಗ ಮದ್ರಾಸಿಗೆ ಸೇರಿದ್ವು, ಅಲ್ಲಿಗೆ ಈ ಕಾನೂನು ಇಲ್ಲ. ಆಮೇಲೆ ಗಡಿ ತಿರುಗುಮುರುಗು ಆಯ್ತು. ಮಗಳಿಗೆ ಮಗನ ಸಮ ಹಕ್ಕು ಅನ್ನೋ ತಿದ್ದುಪಡಿ ಆಂಧ್ರದಲ್ಲಿ 1985ರ ಸೆಪ್ಟೆಂಬರಿಂದ ಜಾರಿ, ನಮ್ಮಲ್ಲಿ 1994ರ ಜುಲೈಯಿಂದ. ಅದೂ ಎರಡೂ ಕಡೆ ಆಗಿನ್ನೂ ಮದುವೆಯಾಗದವರಿಗೆ ಮಾತ್ರ. ಇಡೀ ದೇಶಕ್ಕೆ, ಮದುವೆಯಾದವರಿಗೂ ಸೇರಿಸಿ ಬಂದಿದ್ದು 2005ರ ಸೆಪ್ಟೆಂಬರ್ 9ಕ್ಕೆ.

ಲೆಕ್ಕ ಹಾಕಿ ಹೇಳಿದ್ರೆ ತಿಳೀತದೆ. ತಾಯಿ ಇಲ್ಲ, ಅಪ್ಪ ತೀರಿಕೊಂಡಿದ್ದಾರೆ, ಒಬ್ಬ ಮಗ, ಒಬ್ಬಳು ಮಗಳು, ಪಿತ್ರಾರ್ಜಿತ ನಾಲ್ಕು ಎಕರೆ ಶೇಂಗಾ ಹೊಲ ಅಂತ ಇಟ್ಕೊಳ್ಳಿ. ಹಳೇ ಕೋರ್ಟ್ ರೂಢೀಲಿ ನಾಲ್ಕೂ ಎಕರೆ ಮಗನಿಗೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ, ಅಪ್ಪನ ಎರಡು ಎಕರೆ ಮಾತ್ರ ಇಬ್ಬರಿಗೂ ಹಂಚಿ, ಮಗನಿಗೆ ಮೂರು, ಮಗಳಿಗೆ ಒಂದು. ಈಗ ಎರಡು, ಎರಡು. ಅಪ್ಪ 2005ಕ್ಕೆ ಮೊದಲೇ ತೀರಿಕೊಂಡಿದ್ರೂ ಮಗಳ ಹಕ್ಕು ಹೋಗಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ಕ್ಕೆ ತೀರ್ಪು ಕೊಟ್ಟೈತೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆಗಿ ಪಾಲಾಗಿದ್ರೆ ಅದನ್ನ ಮುಟ್ಟೋ ಹಾಗಿಲ್ಲ.

ಇಲ್ಲಿ ಒಂದು ಮುಖ್ಯ ಮಾತು. ಈ ಕಾಯ್ದೆ ಲಿಂಗಾಯತರಿಗೆ ಅನ್ವಯಿಸ್ತದೆ ಅಂತ ಹೆಸರು ಹಿಡಿದೇ ಬರೆದೈತೆ. ಆದ್ರೆ ಪರಿಶಿಷ್ಟ ಪಂಗಡದವರಿಗೆ, ಕೇಂದ್ರ ಸರ್ಕಾರ ಬೇರೆ ಆದೇಶ ಮಾಡದ ಹೊರತು ಅನ್ವಯಿಸಲ್ಲ ಅಂತ ಐತೆ. ನಮ್ಮ ಎರಡೂ ತಾಲ್ಲೂಕಿನಲ್ಲಿ ನಾಯಕರ ಮನೆಗಳು ಎಷ್ಟಿವೆ ಅಂತ ನಿಮಗೇ ಗೊತ್ತು. ಆ ಮನೆ ಹೆಣ್ಣುಮಕ್ಕಳು "ಕಾನೂನು ಐತಲ್ಲ" ಅಂತ ಸುಮ್ಮನೆ ಕೂರೋ ಹಾಗಿಲ್ಲ, ವಕೀಲರನ್ನ ಕೇಳಲೇಬೇಕು. 2025ರ ಜುಲೈನಲ್ಲಿ ಛತ್ತೀಸಗಡದ ಒಂದು ಬುಡಕಟ್ಟು ಕುಟುಂಬದ ಕೇಸಿನಲ್ಲಿ, ಹೆಣ್ಣು ಅನ್ನೋ ಕಾರಣಕ್ಕೆ ಪಾಲು ತಪ್ಪಿಸೋದು ಸರಿಯಲ್ಲ ಅಂತ ಸುಪ್ರೀಂ ಕೋರ್ಟ್ ಹೇಳೈತೆ. ಅದನ್ನೂ ಕೇಳಿ ನೋಡಿ.

ಪಾಲು ಬಂದ್ರೆ ಜವಾಬ್ದಾರಿನೂ ಬರ್ತದೆ, ಇದನ್ನ ಮರೀಬಾರದು. 2007ರ ಹಿರಿಯ ನಾಗರಿಕರ ಕಾಯ್ದೇಲಿ, ಹೆತ್ತವರನ್ನ ನೋಡ್ಕೊಳ್ಳೋದು ಮಗನ ಜೊತೆ ಮಗಳ ಹೊಣೆನೂ ಹೌದು. ನಮ್ಮ ಬೆಟ್ಟದ ಬಂಡೆ ಮೇಲಿನ ಮೊದಲನೇ ಬುದ್ಧಿಮಾತು ಈಗ ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಕೊಡಬಹುದಾದ ವಿಷಯ ಆಗೈತೆ. ಮಕ್ಕಳಿಗೆ ದಾನಪತ್ರ ಮಾಡೋ ವಯಸ್ಸಾದವರು "ನನ್ನನ್ನ ನೋಡ್ಕೊಬೇಕು" ಅನ್ನೋ ಷರತ್ತನ್ನ ಅದರಲ್ಲೇ ಬರೆಸಿ. ನೋಡ್ಕೊಳ್ಳದಿದ್ರೆ ಪತ್ರ ರದ್ದು ಮಾಡಿಸೋಕೆ ಅದೇ ಆಧಾರ.

ಅಣ್ಣ-ತಮ್ಮಂದಿರ ಮೇಲೆ ಜಗಳಕ್ಕೆ ಹೋಗಿ ಅಂತ ನಾನು ಹೇಳ್ತಿಲ್ಲ. ತಮ್ಮನ ಕಷ್ಟ ನೋಡಿ, ತಿಳಿದೂ ತಿಳಿದೂ ಪಾಲು ಬಿಟ್ಟುಕೊಟ್ಟ ಅಕ್ಕಂದಿರು ಇದ್ದಾರೆ, ಅದು ಅವರ ದೊಡ್ಡತನ. ಆದ್ರೆ ಬಿಡೋಕೂ ಅದು ನಮ್ಮದು ಅಂತ ಮೊದಲು ಗೊತ್ತಿರಬೇಕಲ್ಲ? ಸೈನ್ ಹಾಕೋ ಮುಂಚೆ ಪತ್ರನ ಪೂರ್ತಿ ಓದಿಸ್ಕೊಳ್ಳಿ, ಸರ್ವೆ ನಂಬರು ಬರ್ಕೊಳ್ಳಿ, ಪಹಣಿ, ವಂಶವೃಕ್ಷದಲ್ಲಿ ನಿಮ್ಮ ಹೆಸರು ಐತಾ ನೋಡಿ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರ್ತದೆ, ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರು ಪುಕ್ಕಟೆ. ಇನ್ನೊಂದು ಸಲ ಯಾರಾದ್ರೂ "ಹಿಂದಿನಿಂದ ಬಂದದ್ದು" ಅಂದ್ರೆ, ಯಾವ ಕಾಲದಿಂದ ಅಂತ ಮೆಲ್ಲಗೆ ಕೇಳಿ.