ನರಜನ್ಯ ನೋವಿನ ಪ್ರೋಟೀನ್ ಅಧ್ಯಯನ

ಸಕ್ಕರೆ ಕಾಯಿಲೆ, ಸರ್ಪಸುತ್ತು, ಕುಷ್ಠ, ಬೆನ್ನುಹುರಿಗೆ ಬಿದ್ದ ಪೆಟ್ಟು ಮೊದಲಾದ ಕಾರಣಗಳಿಂದ ಸಂವೇದನೆಯ ನರವ್ಯೂಹವೇ ಹಾನಿಗೊಂಡು ಹುಟ್ಟುವ, ಮೂರು ತಿಂಗಳು ಮೀರಿ ಉಳಿಯುವ ನೋವನ್ನು ದೀರ್ಘಕಾಲಿಕ ನರಜನ್ಯ ನೋವು ಎನ್ನುತ್ತಾರೆ. ಇಂಥ ನೋವಿನಲ್ಲಿ ನರಕೋಶದ ಪ್ರೋಟೀನುಗಳ ಪ್ರಮಾಣ, ನೆಲೆ ಮತ್ತು ರಾಸಾಯನಿಕ ರೂಪ ಬದಲಾಗುತ್ತವೆ; ಅವನ್ನು ಸಾವಿರಗಟ್ಟಲೆಯಾಗಿ ಒಟ್ಟಿಗೆ ಗುರುತಿಸಿ ಅಳೆಯುವ ಶಾಸ್ತ್ರವೇ ಪ್ರೋಟಿಯೋಮಿಕ್ಸ್.

ಮುಖ್ಯ ಪ್ರೋಟೀನುಗಳು
ನರಕೋಶದ ಪೊರೆಯಲ್ಲಿದ್ದು ಸೋಡಿಯಂ ಅಯಾನುಗಳನ್ನು ಒಳಬಿಡುವ ನಾಲೆಯಾದ ‘ನ್ಯಾವ್ 1.7’ ಎಂಬ ಪ್ರೋಟೀನು ನಿಷ್ಕ್ರಿಯವಾಗಿ ಹುಟ್ಟಿದವರಿಗೆ ನೋವೇ ತಿಳಿಯದೆಂಬುದು 2006ರಲ್ಲಿ ಪಾಕಿಸ್ತಾನದ ಕೆಲವು ಕುಟುಂಬಗಳ ಅಧ್ಯಯನದಿಂದ ಗೊತ್ತಾಯಿತು. ಬಳಕೆಯಲ್ಲಿರುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಔಷಧಿಗಳು ಕ್ಯಾಲ್ಸಿಯಂ ನಾಲೆಯ ಆಲ್ಫಾ-2-ಡೆಲ್ಟಾ ಎಂಬ ಉಪಘಟಕಕ್ಕೆ ಅಂಟಿ ಕೆಲಸ ಮಾಡುತ್ತವೆ.

ವಿಧಾನ
ಅಂಗಾಂಶದಿಂದ ತೆಗೆದ ಪ್ರೋಟೀನುಗಳನ್ನು ಟ್ರಿಪ್ಸಿನ್ ಎಂಬ ಕಿಣ್ವವು ಲೈಸಿನ್ ಮತ್ತು ಆರ್ಜಿನಿನ್ ಅಮೈನೋ ಆಮ್ಲಗಳ ಬಳಿ ಕತ್ತರಿಸುತ್ತದೆ. ಹೀಗೆ ದೊರೆತ ಪೆಪ್ಟೈಡ್ ತುಣುಕುಗಳನ್ನು ದ್ರವದಲ್ಲಿ ಬೇರ್ಪಡಿಸಿ, ವಿದ್ಯುದಾವೇಶ ಕೊಟ್ಟು, ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅವುಗಳ ದ್ರವ್ಯರಾಶಿ ಮತ್ತು ಆವೇಶದ ಅನುಪಾತವನ್ನು ಅಳೆದು, ಮತ್ತೆ ಒಡೆದು, ಚೂರುಗಳ ವಿನ್ಯಾಸವನ್ನು ದತ್ತಸಂಚಯದೊಂದಿಗೆ ಹೋಲಿಸಿ ಮೂಲ ಪ್ರೋಟೀನನ್ನು ಊಹಿಸುತ್ತಾರೆ. ನೋವಿಗೆ ಸಂಬಂಧಿಸಿದ ಅಯಾನು ನಾಲೆಗಳು ಪೊರೆಯ ಕೊಬ್ಬಿನಲ್ಲಿ ಹುದುಗಿರುವುದರಿಂದಲೂ ಅಲ್ಪ ಪ್ರಮಾಣದಲ್ಲಿರುವುದರಿಂದಲೂ ಈ ವಿಧಾನದಿಂದ ಸುಲಭವಾಗಿ ತಪ್ಪಿಸಿಕೊಳ್ಳುತ್ತವೆ.

ಬೆಂಗಳೂರಿನ ಕೊಡುಗೆ
2002ರಲ್ಲಿ ವಿಜ್ಞಾನಿ ಅಖಿಲೇಶ್ ಪಾಂಡೆ ಬೆಂಗಳೂರಿನಲ್ಲಿ ಸ್ಥಾಪಿಸಿದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೊತೆಗೂಡಿ ಮಾನವ ಪ್ರೋಟೀನುಗಳ ದತ್ತಸಂಚಯವೊಂದನ್ನು ರೂಪಿಸಿತು. ನಗರದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ನಿಮ್ಹಾನ್ಸ್‌ನೊಂದಿಗೆ ಸೇರಿ ಪ್ರೋಟಿಯೋಮಿಕ್ಸ್ ಪ್ರಯೋಗಾಲಯವನ್ನೂ ನಡೆಸಿತು. ಈ ಸಂಸ್ಥೆಯ ಸಂಶೋಧಕರು ಪ್ರಮುಖವಾಗಿ ಪಾಲ್ಗೊಂಡು 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಮಾನವ ಪ್ರೋಟಿಯೋಮಿನ (ದೇಹದ ಎಲ್ಲ ಪ್ರೋಟೀನುಗಳ ಒಟ್ಟು ಗಣದ) ಕರಡು ನಕ್ಷೆ, 30 ಬಗೆಯ ಅಂಗಾಂಶ ಮತ್ತು ಜೀವಕೋಶಗಳನ್ನು ಪರೀಕ್ಷಿಸಿ 17,294 ಜೀನುಗಳ ಪ್ರೋಟೀನುಗಳನ್ನು ದಾಖಲಿಸಿತು. ಮೂಗಿನ ಅಂಗಾಂಶವನ್ನೇ ಪರೀಕ್ಷಿಸದಿದ್ದರೂ ವಾಸನೆಯ ಗ್ರಾಹಕಗಳು ಪಟ್ಟಿಯಲ್ಲಿ ಸೇರಿದ್ದನ್ನು ಟೀಕಾಕಾರರು ಅದೇ ವರ್ಷ ಎತ್ತಿ ತೋರಿಸಿದ್ದರಿಂದ, ಕ್ಷೀಣ ಸಂಕೇತಗಳನ್ನು ನಂಬುವ ಮೊದಲು ಮರುಪರೀಕ್ಷೆ ಅಗತ್ಯವೆಂಬುದು ಸ್ಪಷ್ಟವಾಯಿತು. ನೋವಿನ ಅಧ್ಯಯನಕ್ಕೆ ಈ ನಕ್ಷೆಯ ಉಪಯೋಗ ಪರೋಕ್ಷವಾದುದು: ಅದರಲ್ಲಿ ಆರೋಗ್ಯವಂತ ಬೆನ್ನುಹುರಿ ಮತ್ತು ಮಿದುಳಿನ ಮುಂಭಾಗದ ತೊಗಟೆ ಇವೆಯೇ ಹೊರತು, ನೋವಿನ ನರಕೋಶಗಳ ಒಡಲು ಇರುವ ಬೆನ್ನುಹುರಿಯ ಪಕ್ಕದ ನರಗಂಟುಗಳಿಲ್ಲ.

ಚಿಕಿತ್ಸೆ
ಪ್ರೋಟೀನಿನ ಪ್ರಮಾಣ ಹೆಚ್ಚಿದ ಮಾತ್ರಕ್ಕೆ ಅದೇ ನೋವಿಗೆ ಕಾರಣವೆನ್ನಲಾಗದು; ಅದನ್ನು ತಡೆದಾಗ ನೋವೂ ಇಳಿಯಬೇಕು. ಹೀಗೆ ಇನ್ನೊಂದು ಸೋಡಿಯಂ ನಾಲೆಯಾದ ‘ನ್ಯಾವ್ 1.8’ ಅನ್ನು ತಡೆಯುವ ಸುಜೆಟ್ರಿಜಿನ್ ಔಷಧಿಗೆ 2025ರ ಜನವರಿಯಲ್ಲಿ ಅಮೆರಿಕದಲ್ಲಿ ದೊರೆತ ಅನುಮತಿ ಮಧ್ಯಮದಿಂದ ತೀವ್ರ ಸ್ವರೂಪದವರೆಗಿನ ಅಲ್ಪಕಾಲಿಕ ನೋವಿಗೆ ಮಾತ್ರ ಸೀಮಿತವಾಗಿತ್ತು.