ಬೆಂಗಾರ: ಜಪಾನಿನ ಮರದಚ್ಚು ಚಿತ್ರಗಳಲ್ಲಿ ಒಂದು ಖನಿಜವರ್ಣದ ಚರಿತ್ರೆ

ಜಪಾನಿನ ಎದೋ ಕಾಲದ (೧೬೦೩-೧೮೬೮) ಮರದಚ್ಚು ಚಿತ್ರಗಳು ‘ಉಕಿಯೊ-ಎ’ ಎಂಬ ಹೆಸರಿನಿಂದ ಜಗತ್ತಿನ ಕಲಾಚರಿತ್ರೆಯಲ್ಲಿ ಪ್ರಸಿದ್ಧವಾಗಿವೆ. ಈ ಚಿತ್ರಗಳನ್ನು ಕುರಿತ ಬರಹಗಳಲ್ಲಿ ಕಲಾವಿದರಿಗೆ, ವಸ್ತುವಿಗೆ, ಶೈಲಿಗೆ ದೊರೆತಷ್ಟು ಗಮನ ಅವುಗಳ ಬಣ್ಣಗಳಿಗೆ ಬಹುಕಾಲ ದೊರೆಯಲಿಲ್ಲ. ಬಣ್ಣವನ್ನು ಅಲಂಕಾರದ ಸಾಧನವೆಂದು ಮಾತ್ರ ಭಾವಿಸಿದ್ದೇ ಇದಕ್ಕೆ ಕಾರಣ. ಶಾಸನ, ನಾಣ್ಯಗಳಂತೆ ಬಣ್ಣವೂ ತನ್ನ ಕಾಲದ ವ್ಯಾಪಾರ, ಗಣಿಗಾರಿಕೆ ಮತ್ತು ಕುಶಲಕರ್ಮಗಳ ಕುರುಹುಗಳನ್ನು ಉಳಿಸಿಕೊಂಡಿರುವ ಆಕರ. ‘ಬೆಂಗಾರ’ ಎಂಬ ಕೆಂಪು ಖನಿಜವರ್ಣದ ಚರಿತ್ರೆ ಈ ಮಾತಿಗೆ ಉತ್ತಮ ನಿದರ್ಶನವಾಗಿದೆ.

ರಾಸಾಯನಿಕವಾಗಿ ಬೆಂಗಾರವು ಕಬ್ಬಿಣದ ಆಕ್ಸೈಡ್. ಕನ್ನಡನಾಡಿನಲ್ಲಿ ಕೆಮ್ಮಣ್ಣು, ಜಾಜು, ಕಾವಿ ಎಂದು ಕರೆಯುವ ವರ್ಣದ್ರವ್ಯಗಳ ಕೆಂಪಿಗೂ ಇದೇ ಕಾರಣ. ಕನ್ನಡದ ‘ಬಂಗಾರ’ಕ್ಕೂ ಈ ಪದಕ್ಕೂ ಧ್ವನಿಸಾಮ್ಯವಿದೆಯೇ ಹೊರತು ಸಂಬಂಧವಿಲ್ಲ. ಜಪಾನಿ ಹೆಸರು ‘ಬಂಗಾಳ’ದಿಂದ ಬಂದುದು. ಸಾಗರೋತ್ತರ ವ್ಯಾಪಾರದ ಮೂಲಕ ಬಂಗಾಳದ ಕಡೆಯಿಂದ ಬಂದ ಕೆಂಪು ಎಂಬ ಕಾರಣಕ್ಕೆ ಈ ಹೆಸರು ನೆಲೆಗೊಂಡಿತು. ಜಪಾನೀಯರು ಇದನ್ನು ‘ಕೆಂಪು ಚಿಪ್ಪು’ ಎಂಬ ಅರ್ಥ ಕೊಡುವ ಚಿತ್ರಾಕ್ಷರಗಳಲ್ಲಿಯೂ ಬರೆದದ್ದುಂಟು. ಹಾಗೆ ಬರೆದಾಗ ಪದದ ವಿದೇಶೀ ಮೂಲ ಮರೆಯಾಗಿ, ಅದು ದೇಶೀ ಪದದಂತೆಯೇ ತೋರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೆಸರು ಬಂಗಾಳದ್ದೆಂದ ಮಾತ್ರಕ್ಕೆ ವಸ್ತುವೂ ಅಲ್ಲಿಂದಲೇ ಮೊದಲು ಬಂದಿತೆಂದು ತೀರ್ಮಾನಿಸಲಾಗದು. ಇತಿಹಾಸಪೂರ್ವದ ಜೋಮೋನ್ ಸಂಸ್ಕೃತಿಯ ಅರಗುಲೇಪಿತ ವಸ್ತುಗಳಲ್ಲಿ ಕಬ್ಬಿಣದ ಕೆಂಪು ದೊರೆತಿದೆ. ಕ್ಯೂಶೂ ದ್ವೀಪದ ಪ್ರಾಚೀನ ಗೋರಿಗಳ ಭಿತ್ತಿಗಳಲ್ಲಿಯೂ ಅದು ಕಾಣುತ್ತದೆ. ಹಳೆಯದಾದ ವಸ್ತುವಿಗೆ ಹೊಸ ವ್ಯಾಪಾರ ಹೊಸ ಹೆಸರನ್ನು ತಂದಿತು. ಆಮದಿನ ಅಗತ್ಯ ಕುಗ್ಗಿದ ಮೇಲೂ ಹೆಸರು ಉಳಿಯಿತು. ಆದ್ದರಿಂದ ‘ಬೆಂಗಾರ’ ಎಂಬ ಪದವನ್ನು ವರ್ಣದ ಮೂಲಕ್ಕೆ ಸಾಕ್ಷಿಯೆಂದು ಭಾವಿಸುವುದಕ್ಕಿಂತ, ವ್ಯಾಪಾರದ ನೆನಪಿಗೆ ಸಾಕ್ಷಿಯೆಂದು ಓದುವುದು ಸೂಕ್ತ.

ಜಪಾನಿನಲ್ಲಿಯೇ ಬೆಂಗಾರದ ತಯಾರಿಕೆಗೆ ಹೆಸರಾದ ಊರು ಫುಕಿಯಾ. ಹಿಂದಿನ ಬಿಚ್ಚೂ ಪ್ರಾಂತ್ಯಕ್ಕೆ ಸೇರಿದ್ದ ಈ ಬೆಟ್ಟದ ಊರು ಇಂದಿನ ಓಕಾಯಾಮಾ ಆಡಳಿತ ವಿಭಾಗದ ತಾಕಾಹಾಶಿ ನಗರದ ವ್ಯಾಪ್ತಿಯಲ್ಲಿದೆ. ಇಲ್ಲಿಯ ಯೋಶಿಯೋಕಾ ತಾಮ್ರದ ಗಣಿಯ ಪರಿಸರದಲ್ಲಿ ತಾಮ್ರದೊಡನೆ ಗಂಧಕಯುಕ್ತ ಕಬ್ಬಿಣದ ಅದಿರೂ ದೊರೆಯುತ್ತಿತ್ತು. ತಾಮ್ರಕ್ಕಾಗಿ ತೆರೆದ ಗಣಿಯ ಈ ಉಪಪದಾರ್ಥವೇ ೧೮ನೆಯ ಶತಮಾನದಲ್ಲಿ ಇನ್ನೊಂದು ಉದ್ಯಮಕ್ಕೆ ಆಧಾರವಾಯಿತು. ಅದಿರನ್ನು ಸುಟ್ಟು, ನೀರಿನಲ್ಲಿ ನೆನೆಸಿ, ಆ ನೀರನ್ನು ಕುದಿಸಿ ಬತ್ತಿಸಿದಾಗ ಹಸಿರು ಹರಳುಗಳ ಅನ್ನಭೇದಿ ದೊರೆಯುತ್ತಿತ್ತು. ಇದನ್ನು ಒಣಗಿಸಿ, ಮಣ್ಣಿನ ತಟ್ಟೆಗಳಲ್ಲಿ ತುಂಬಿ, ಗೂಡಿನಲ್ಲಿ ಸುಮಾರು ೭೦೦ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಸುಡುತ್ತಿದ್ದರು. ಗಂಧಕದ ಅಂಶ ಹೊಗೆಯಾಗಿ ಹೋಗಿ ಕೆಂಪು ಪುಡಿ ಉಳಿಯುತ್ತಿತ್ತು. ಅನಂತರ ಅದನ್ನು ನೀರಿನೊಡನೆ ಬೀಸುಕಲ್ಲಿನಲ್ಲಿ ನುಣ್ಣಗೆ ಅರೆದು, ಮತ್ತೆಮತ್ತೆ ನೀರು ಬದಲಿಸಿ ತೊಳೆಯುತ್ತಿದ್ದರು.

ಈ ತೊಳೆಯುವ ಕೆಲಸವೇ ಬೆಂಗಾರದ ಗುಣವನ್ನು ನಿರ್ಣಯಿಸುವ ಘಟ್ಟ. ಪುಡಿಯಲ್ಲಿ ಉಳಿದ ಆಮ್ಲ ಕಾಗದವನ್ನು ಕೆಡಿಸಬಲ್ಲದು, ಪಿಂಗಾಣಿಯ ಮೇಲಿನ ಬಣ್ಣವನ್ನೂ ಮಂಕಾಗಿಸಬಲ್ಲದು. ಶಾಖ ಹೆಚ್ಚಿ ಕಣಗಳು ದೊಡ್ಡವಾದರೆ ಕೆಂಪು ನೇರಳೆಯತ್ತ ವಾಲುತ್ತದೆ. ಕಣಗಳು ಸಣ್ಣವಾಗಿದ್ದರೆ ಹಳದಿ ಛಾಯೆಯ ಉಜ್ವಲವಾದ ಕೆಂಪು ದೊರೆಯುತ್ತದೆ. ಹೀಗೆ ಬಣ್ಣದ ಛಾಯೆ ಗೂಡಿನ ಮುಂದೆ ಕುಳಿತವನ ಅನುಭವವನ್ನು ಅವಲಂಬಿಸಿತ್ತು. ಫುಕಿಯಾದ ಬೆಂಗಾರ ಆರಿತಾ ಮತ್ತು ಕುತಾನಿಯ ಪಿಂಗಾಣಿಗೂ ಅರಗಿನ ಕೆಲಸಕ್ಕೂ ಮನೆಗಳ ಮರಗೆಲಸಕ್ಕೂ ಒದಗುತ್ತಿತ್ತು.

ಮರದಚ್ಚು ಚಿತ್ರಗಳಲ್ಲಿ ಕೆಂಪಿನ ಚರಿತ್ರೆ ಹಲವು ಹಂತಗಳನ್ನು ದಾಟಿ ಬಂದಿದೆ. ಹಿಶಿಕಾವಾ ಮೊರೊನೊಬು (ಮರಣ ೧೬೯೪) ಕಾಲದ ಅಚ್ಚುಗಳು ಮುಖ್ಯವಾಗಿ ಕಪ್ಪು ಮಸಿಯವು. ೧೭ನೆಯ ಶತಮಾನದ ಕೊನೆಯ ವೇಳೆಗೆ ಇಂತಹ ಅಚ್ಚುಗಳ ಮೇಲೆ ಕೈಯಿಂದ ಸೀಸದ ಸಿಂಧೂರವನ್ನು ತುಂಬುವ ರೂಢಿ ಬಂದಿತು. ಸಿಂಧೂರದ ಜಪಾನಿ ಹೆಸರು ‘ತಾನ್’. ಆದ್ದರಿಂದ ಇವು ‘ತಾನ್-ಎ’ ಎನಿಸಿದವು. ಮುಂದೆ ಕುಸುಬೆ ಹೂವಿನಿಂದ ತೆಗೆದ ‘ಬೆನಿ’ ಎಂಬ ಕೆಂಪು ಬಳಕೆಗೆ ಬಂದಿತು. ೧೭೪೦ರ ದಶಕದಲ್ಲಿ ಎರಡು ಮೂರು ಬಣ್ಣಗಳನ್ನು ಅಚ್ಚಿನಿಂದಲೇ ಒತ್ತುವ ವಿಧಾನ ರೂಪುಗೊಂಡಿತು. ೧೭೬೫ರಲ್ಲಿ ಸುಜುಕಿ ಹರುನೊಬುವಿನ ಪಂಚಾಂಗ ಚಿತ್ರಗಳೊಡನೆ ಬಹುವರ್ಣದ ‘ನಿಶಿಕಿ-ಎ’ ಉದಯಿಸಿತು. ಆಗ ಮುದ್ರಕನ ಮುಂದೆ ಕುಸುಬೆ, ಸಿಂಧೂರ, ಅರಿದಾಳ, ಹೂವಿನ ನೀಲಿಗಳ ಜೊತೆಗೆ ಬೆಂಗಾರವೂ ಇತ್ತು.

ಅಚ್ಚಿನ ತಂತ್ರಕ್ಕೆ ಬೆಂಗಾರ ಚೆನ್ನಾಗಿ ಹೊಂದಿಕೊಂಡಿತು. ಕಾಡುಚೆರ್ರಿಯ ಹಲಗೆಯಲ್ಲಿ ಕೆತ್ತಿದ ಅಚ್ಚಿಗೆ ಬಣ್ಣವನ್ನು ಅಕ್ಕಿಯ ಗಂಜಿಯೊಡನೆ ಕುಂಚದಿಂದ ಸವರಿ, ತೇವದ ಕಾಗದವನ್ನಿಟ್ಟು, ‘ಬಾರೆನ್’ ಎಂಬ ಚಪ್ಪಟೆ ಸಾಧನದಿಂದ ಉಜ್ಜುತ್ತಿದ್ದರು. ಕಣಗಳು ಒರಟಾಗಿದ್ದರೆ ಬಣ್ಣ ಸಮನಾಗಿ ಹರಡದು, ಕೆತ್ತನೆಯ ಸೂಕ್ಷ್ಮ ರೇಖೆಗಳೂ ತುಂಬಿಕೊಳ್ಳುತ್ತವೆ. ನುಣ್ಣನೆಯ ಬೆಂಗಾರದಲ್ಲಿ ಈ ತೊಡಕಿರಲಿಲ್ಲ. ಮಸಿಯನ್ನು ಬೆರೆಸಿದರೆ ಕಂದಿನ ಹಲವು ಛಾಯೆಗಳು ದೊರೆಯುತ್ತಿದ್ದವು. ಉಡುಪಿನ ಕಂದು, ಮರದ ಕಂಬ, ಜಗುಲಿಗಳ ಚಿತ್ರಣಕ್ಕೆ ಇಂತಹ ಛಾಯೆಗಳು ಒದಗಿದವು. ಕುಸುಬೆಯ ಕೆಂಪು ಮೋಹಕವಾದರೂ ದುಬಾರಿ. ಬೆಂಗಾರ ಅಷ್ಟು ಮೋಹಕವಲ್ಲದಿದ್ದರೂ ಸುಲಭವಾಗಿ ದೊರೆಯುತ್ತಿತ್ತು.

ಆದರೆ ಎರಡು ಶತಮಾನಗಳ ಅನಂತರ ಇವುಗಳ ಸ್ಥಾನ ಅದಲುಬದಲಾಗಿದೆ. ಬೆಳಕಿಗೆ ಕುಸುಬೆಯ ಕೆಂಪು ಮಾಸುತ್ತದೆ. ‘ತ್ಸುಯುಕುಸಾ’ ಹೂವಿನ ನೀಲಿ ಕಂದಿ ಹಳದಿಗೆ ತಿರುಗುತ್ತದೆ. ಸೀಸದ ಸಿಂಧೂರ ಖನಿಜವೇ ಆದರೂ ಗಾಳಿಯ ಗಂಧಕದಂತಹ ಕಾರಣಗಳಿಂದ ಕಪ್ಪಾಗಬಲ್ಲದು. ಬೆಂಗಾರ ಮಾತ್ರ ಬೆಳಕಿಗಾಗಲಿ ಗಾಳಿಗಾಗಲಿ ಬಗ್ಗದೆ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಇದರ ಪರಿಣಾಮ ಗಂಭೀರವಾದುದು. ಮಾಸಿದ ಪ್ರತಿಯೊಂದರಲ್ಲಿ ಇಂದು ಎದ್ದುಕಾಣುವ ಕಂದುಗೆಂಪು, ಕಲಾವಿದನ ಉದ್ದೇಶದಲ್ಲಿ ಹಿನ್ನೆಲೆಯ ಬಣ್ಣವಾಗಿದ್ದಿರಬಹುದು. ಅಂತಹ ಪ್ರತಿಗಳನ್ನೇ ನೋಡಿ ಹರುನೊಬುವಿನ ಕಾಲದ ವರ್ಣಾಭಿರುಚಿ ಸೌಮ್ಯವಾದುದು, ಮಣ್ಣಿನ ಛಾಯೆಗಳಿಗೆ ಒಲಿದುದು ಎಂದು ವರ್ಣಿಸಿದರೆ, ಕಾಲ ಮಾಡಿದ ಕೆಲಸವನ್ನು ಕಲಾವಿದನಿಗೆ ಆರೋಪಿಸಿದಂತಾಗುತ್ತದೆ.

ಈ ಅಪಾಯವನ್ನು ಮನಗಾಣಿಸುವ ಸಂಗ್ರಹವೊಂದು ಅಮೆರಿಕದ ಬಾಸ್ಟನ್ ಲಲಿತಕಲಾ ಸಂಗ್ರಹಾಲಯದಲ್ಲಿದೆ. ವಿಲಿಯಂ ಮತ್ತು ಜಾನ್ ಸ್ಪಾಲ್ಡಿಂಗ್ ಸಹೋದರರು ೧೯೨೧ರಲ್ಲಿ ಆರು ಸಾವಿರಕ್ಕೂ ಹೆಚ್ಚು ಅಚ್ಚುಗಳನ್ನು, ಎಂದೂ ಪ್ರದರ್ಶಿಸಬಾರದೆಂಬ ಷರತ್ತಿನೊಡನೆ ಅಲ್ಲಿಗೆ ದಾನಮಾಡಿದರು. ಬೆಳಕಿನಿಂದ ದೂರವುಳಿದ ಈ ಪ್ರತಿಗಳಲ್ಲಿ ಸಸ್ಯವರ್ಣಗಳು ಅಸಾಧಾರಣವಾಗಿ ಉಳಿದಿವೆ. ಜನರ ಕಣ್ಣಿಗೆ ಬೀಳದಂತೆ ಮಾಡಿದ ಷರತ್ತೇ ಎದೋ ಕಾಲದ ಕಣ್ಣು ಕಂಡ ಬಣ್ಣವನ್ನು ಕಾಪಾಡಿತೆಂಬುದು ಗಮನಾರ್ಹ.

ವರ್ಣಗಳನ್ನು ಗುರುತಿಸಲು ಇಂದು ವೈಜ್ಞಾನಿಕ ಪರೀಕ್ಷೆಗಳು ನೆರವಾಗುತ್ತಿವೆ. ಕಾಗದಕ್ಕೆ ಹಾನಿಯಾಗದಂತೆ ಕ್ಷಕಿರಣ ಪ್ರತಿದೀಪ್ತಿಯಿಂದ ಅದರ ಮೇಲಿನ ಲೋಹಾಂಶವನ್ನು ತಿಳಿಯಬಹುದು. ಆದರೆ ಕಬ್ಬಿಣ ಕಂಡೊಡನೆ ಅದು ಬೆಂಗಾರವೆನ್ನಲಾಗದು. ೧೮೩೦ರ ದಶಕದ ಹೊಕುಸಾಯ್ ಮುಂತಾದವರ ಚಿತ್ರಗಳಲ್ಲಿ ವಿಪುಲವಾಗಿ ಬಳಕೆಯಾದ ಪ್ರಷ್ಯನ್ ನೀಲಿಯೂ ಕಬ್ಬಿಣದ ಸಂಯುಕ್ತವೇ. ಎರಡನ್ನೂ ಬೆರೆಸಿದ ಅಥವಾ ಒಂದರ ಮೇಲೊಂದು ಒತ್ತಿದ ಕಡೆ ರಾಮನ್ ರೋಹಿತದಂತಹ ಬೇರೊಂದು ವಿಧಾನದ ಸಮರ್ಥನೆ ಬೇಕು. ಒಂದೇ ಆಕರವನ್ನು ನೆಚ್ಚಬಾರದೆಂಬ ಇತಿಹಾಸ ಸಂಶೋಧನೆಯ ಸೂತ್ರ ಪ್ರಯೋಗಾಲಯಕ್ಕೂ ಅನ್ವಯಿಸುತ್ತದೆ.

ಮೇಜಿ ಕಾಲದಲ್ಲಿ (೧೮೬೮-೧೯೧೨) ಯುರೋಪಿನ ಅನಿಲಿನ್ ಬಣ್ಣಗಳು ಮರದಚ್ಚಿನ ಕೆಂಪನ್ನು ಆಕ್ರಮಿಸಿದವು. ಕಬ್ಬಿಣದ ಆಕ್ಸೈಡನ್ನು ಕಾರ್ಖಾನೆಗಳಲ್ಲಿ ಅಗ್ಗವಾಗಿ ತಯಾರಿಸುವ ವಿಧಾನಗಳೂ ಬೆಳೆದವು. ೧೯೭೨ರಲ್ಲಿ ಯೋಶಿಯೋಕಾ ಗಣಿ ಮುಚ್ಚಿತು. ೧೯೭೪ರಲ್ಲಿ ಫುಕಿಯಾದ ಬೆಂಗಾರ ತಯಾರಿಕೆಯೂ ನಿಂತಿತು. ೧೯೭೭ರಲ್ಲಿ ಆ ಊರಿನ ಕೆಂಪು ಬೀದಿಗಳನ್ನು ಜಪಾನ್ ಸರ್ಕಾರ ಸಂರಕ್ಷಿತ ಪ್ರದೇಶವೆಂದು ಆಯ್ಕೆಮಾಡಿತು. ೨೦೨೦ರಲ್ಲಿ ಬೆಂಗಾರ ಮತ್ತು ತಾಮ್ರದ ಊರೆಂದು ಫುಕಿಯಾಕ್ಕೆ ‘ಜಪಾನ್ ಪರಂಪರೆ’ಯ ಮನ್ನಣೆಯೂ ದೊರೆಯಿತು.

ಮನ್ನಣೆ ಬರುವ ವೇಳೆಗೆ ಗೂಡುಗಳು ಆರಿ ದಶಕಗಳಾಗಿದ್ದವು. ಅಚ್ಚುಚಿತ್ರಗಳ ಅಂಚಿನಲ್ಲಿ ಚಿತ್ರಕಾರನ ಸಹಿ, ಪ್ರಕಾಶಕನ ಮುದ್ರೆ ಇರುತ್ತವೆ. ಅನ್ನಭೇದಿ ಸುಟ್ಟವನ, ಪುಡಿ ತೊಳೆದವನ ಹೆಸರು ಇರುವುದಿಲ್ಲ. ಮಾಸದೆ ಉಳಿದ ಆ ಕೆಂಪೇ ಅವರ ಶ್ರಮದ ದಾಖಲೆ. ಕಲಾಚರಿತ್ರೆ ಅದನ್ನು ಓದಲು ಕಲಿತಾಗ ಚಿತ್ರಕಾರನ ಜೊತೆಗೆ ಈ ಅನಾಮಧೇಯರಿಗೂ ಸಲ್ಲಬೇಕಾದ ಸ್ಥಾನ ಸಲ್ಲುತ್ತದೆ.