ಮುಗಿಸಲಾರದ ಪುಸ್ತಕದ ಚರಿತ್ರೆ

(ನಮ್ಮ ಕೂಟದ ರಾಜ್ಯೋತ್ಸವ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ವೈದ್ಯರನ್ನು ವೇದಿಕೆಗೆ ಕರೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಬಗ್ಗೆ ನಾಲ್ಕು ಮಾತು ಹೇಳಿಸಿ, ಅನಂತರ ಧಾರಾಳವಾಗಿ ಹೋಳಿಗೆ ಬಡಿಸುವುದು ನಮ್ಮ ಕೂಟಗಳ ಸಂಪ್ರದಾಯ. ಈ ಸಲ ಕಾರ್ಯಕಾರಿ ಸಮಿತಿಯವರು ಸಾಹಿತ್ಯದ ಬಗ್ಗೆಯೇ ಮಾತನಾಡಬೇಕೆಂದು ಅಪ್ಪಣೆ ಮಾಡಿದ್ದಾರೆ. ನಾವು ಸಾಹಿತ್ಯವನ್ನು ಕ್ರಮವಾಗಿ ಓದಿದವರಲ್ಲ. ನಮಗಿರುವ ಅರ್ಹತೆ ಒಂದೇ: ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಮೂರು ಸಲ ಹಿಡಿದು, ಮೂರು ಸಲವೂ ನಡುದಾರಿಯಲ್ಲಿ ಬಿಟ್ಟವರು ನಾವು. ಸಭೆಯಲ್ಲಿ ಇದೇ ಅರ್ಹತೆಯುಳ್ಳವರು ಇನ್ನೂ ಹಲವರಿದ್ದಾರೆಂಬ ಗುಮಾನಿ ನಮಗಿದೆ.

1996ರಲ್ಲಿ ರೆಸಿಡೆನ್ಸಿಗೆಂದು ಈ ದೇಶಕ್ಕೆ ಹೊರಟಾಗ ನಮ್ಮ ತಂದೆಯವರು ಸೂಟ್‌ಕೇಸಿನಿಂದ ಒಂದು ಉಪ್ಪಿನಕಾಯಿ ಡಬ್ಬಿಯನ್ನು ಹೊರತೆಗೆದು, ಆ ಜಾಗದಲ್ಲಿ ತಮ್ಮದೇ ಪ್ರತಿಯನ್ನು ಇಟ್ಟರು. ಅವರು ಹೈಸ್ಕೂಲು ಮೇಷ್ಟ್ರು. ಏಳುನೂರು ಪುಟಗಳಿಗೂ ಮೀರಿದ, ರಟ್ಟು ಸಡಿಲಗೊಂಡ ಪುಸ್ತಕ. ತಾಯಿಯವರಿಗೆ ಉಪ್ಪಿನಕಾಯಿಯ ವಿಷಯದಲ್ಲಿ ಬಹುಕಾಲ ಅಸಮಾಧಾನವಿತ್ತು. ಆ ಚಳಿಗಾಲದ ರಾತ್ರಿಪಾಳಿಗಳಲ್ಲಿ, ಎರಡು ಕರೆಗಳ ನಡುವಿನ ಅರ್ಧ ಗಂಟೆಯಲ್ಲಿ ಅದನ್ನು ಓದಲು ಹೊರಟೆವು. ಅರುವತ್ತು ಪುಟ ದಾಟುವಷ್ಟರಲ್ಲಿ ಯಾರ ಮನೆಯ ಆಳು ಯಾರು, ಯಾವ ಹಳ್ಳಿ ಯಾವ ಗುಡ್ಡದ ಆಚೆಗೆ ಎಂಬುದೆಲ್ಲ ಕಲಸಿಹೋಯಿತು. 2001ರಲ್ಲಿ ಇನ್ನೊಮ್ಮೆ, 2007ರಲ್ಲಿ ಮತ್ತೊಮ್ಮೆ ಹಿಡಿದೆವು. ನೂರೈವತ್ತನೆಯ ಪುಟದ ಗಡಿಯನ್ನು ಒಮ್ಮೆಯೂ ದಾಟಲಿಲ್ಲ.

ನಾವು ಚಿತ್ರದುರ್ಗದ ಕಡೆಯ ಬಯಲುಸೀಮೆಯವರು. ಹಳು, ಉಂಬಳ, ಗೊರಬು, ಹಕ್ಕಲು ಮುಂತಾದ ಮಾತುಗಳು ನಮಗೆ ಕನ್ನಡವೇ ಆದರೂ ನಮ್ಮ ಮನೆಯ ಕನ್ನಡವಲ್ಲ. ಕಷ್ಟಕ್ಕೆ ಇದೊಂದೇ ಕಾರಣವೆಂದು ಬಹಳ ವರ್ಷ ನಂಬಿದ್ದೆವು. ಹಾಗಲ್ಲವೆಂದು ತಿಳಿಯಬೇಕಾದರೆ ಕನ್ನಡ ಕಾದಂಬರಿಯ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಕನ್ನಡದಲ್ಲಿ ಕಾದಂಬರಿ ಎಂಬುದು ಹಳೆಯ ಪ್ರಕಾರವೇನಲ್ಲ. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮರನ್ನು ತಂದು ಓದುಗರನ್ನು ಸಿದ್ಧಪಡಿಸಿದರು. 1899ರಲ್ಲಿ ಮಂಗಳೂರಿನ ಕಡೆಯಿಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂದಿತು. ಅಲ್ಲಿಂದ ನಾಲ್ಕು ದಶಕ ಕಳೆಯುವ ಮೊದಲೇ, 1936ರಲ್ಲಿ, ಕುವೆಂಪು ಅವರ ‘ಕಾನೂರು ಸುಬ್ಬಮ್ಮ ಹೆಗ್ಗಡಿತಿ’ ಪ್ರಕಟವಾಯಿತು. ಅದೂ ದೊಡ್ಡ ಗ್ರಂಥವೇ, ಅದೂ ಮಲೆನಾಡಿನ ಕಥೆಯೇ. ಆದರೆ ಅದನ್ನು ಓದಲು ಜನ ಅಷ್ಟು ತಿಣುಕಾಡಿದಂತೆ ಕಾಣದು. ಏಕೆಂದರೆ ಅಲ್ಲಿ ಹೂವಯ್ಯನಿದ್ದಾನೆ. ಮೈಸೂರಿನಲ್ಲಿ ಓದಿ ಬಂದ ತರುಣ, ಪುಸ್ತಕಪ್ರಿಯ, ಸುಧಾರಣೆಯ ಕನಸುಳ್ಳವ. ಓದುಗನು ಅವನ ಕೈಹಿಡಿದು ಆ ಕಾಡಿನೊಳಗೆ ಹೋಗಬಹುದು. ನಮ್ಮಂಥವರಿಗೆ ಅವನು ನೆಂಟ.

ಮೂವತ್ತೊಂದು ವರ್ಷಗಳ ಅನಂತರ, 1967ರಲ್ಲಿ ‘ಮಲೆಗಳಲ್ಲಿ ಮದುಮಗಳು’ ಬಂದಾಗ ಕವಿಗಳು ಆ ನೆಂಟನನ್ನು ತೆಗೆದುಹಾಕಿದ್ದರು. ನಡುವಿನ ಕಾಲದಲ್ಲಿ ಅವರು ‘ಶ್ರೀ ರಾಮಾಯಣ ದರ್ಶನಂ’ ಬರೆದು 1955ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದಿದ್ದರು. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಅಂಥವರು, ಅರುವತ್ತನ್ನು ದಾಟಿದ ವಯಸ್ಸಿನಲ್ಲಿ, ಅಕ್ಷರ ಬಾರದ ಜೀತದಾಳು ಗುತ್ತಿಯನ್ನೂ ಅವನ ನಾಯಿ ಹುಲಿಯನನ್ನೂ ಮುಂದಿಟ್ಟುಕೊಂಡು ಹೊರಟರು. ಗುತ್ತಿ–ತಿಮ್ಮಿ, ಐತ–ಪಿಂಚಲು, ಮುಕುಂದಯ್ಯ–ಚಿನ್ನಮ್ಮ, ಎಷ್ಟೊಂದು ಜೋಡಿಗಳು! ಒಂದು ಮನೆಯ ಕಥೆ ಬಿಸಿಯೇರುವ ಹೊತ್ತಿಗೆ ಇನ್ನೊಂದು ಮನೆಯ ಜಗಲಿಗೆ ಹೋಗಿ ಕೂರುತ್ತಾರೆ. ನಾಯಕನಿಲ್ಲ, ನಾಯಕಿ ಇಲ್ಲ. ಒಡೆಯನಿಗೆ ಸಲ್ಲುವ ಗಮನವೇ ಆಳಿಗೂ, ನಾಯಿಗೂ, ಮಳೆಗೂ ಸಲ್ಲುತ್ತದೆ. ನಮ್ಮ ತೊಡಕಿನ ನಿಜವಾದ ಮೂಲ ಇಲ್ಲಿದೆ. ಮುಖ್ಯವಾದುದನ್ನು ಹಿಡಿದು ಉಳಿದುದನ್ನು ಬಿಡುವುದು ಪರೀಕ್ಷೆಗಳು ನಮಗೆ ಕಲಿಸಿದ ಓದು. ಬಿಡಬಹುದಾದ ಭಾಗ ಯಾವುದೆಂದು ಈ ಪುಸ್ತಕ ಹೇಳುವುದೇ ಇಲ್ಲ.

ಆ ಕಾಲದ ಓದುಗರ ಅಭ್ಯಾಸವನ್ನೂ ನೆನೆಯಬೇಕು. ಅ.ನ.ಕೃ., ತ.ರಾ.ಸು., ತ್ರಿವೇಣಿ ಇವರ ಕಾದಂಬರಿಗಳನ್ನು ಪರಿಚಲನಾ ಗ್ರಂಥಾಲಯಗಳಿಂದ ತಂದು ಎರಡು ದಿನಗಳಲ್ಲಿ ಓದಿ ಹಿಂತಿರುಗಿಸುತ್ತಿದ್ದ ಪೀಳಿಗೆ ಅದು. ದಿನದ ಬಾಡಿಗೆಯ ಲೆಕ್ಕದಲ್ಲಿ ಓದುವ ಪುಸ್ತಕ ಇದಲ್ಲ. ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ಯೊಡನೆ ಇದನ್ನು ಹೋಲಿಸುವುದು ವಾಡಿಕೆ, ಹೋಲಿಕೆ ಪೂರ್ತಿ ಸರಿಯೆಂದು ನಮಗೆ ತೋರದು. ಅಲ್ಲಿ ನೆಪೋಲಿಯನ್ ಇದ್ದಾನೆ, 1812ರ ಯುದ್ಧವಿದೆ, ಶಾಲೆಯಲ್ಲಿ ಕಲಿತ ಇತಿಹಾಸ ಓದುಗನಿಗೆ ಊರುಗೋಲಾಗುತ್ತದೆ. ಇಲ್ಲಿ ಇತಿಹಾಸವಿದೆ, ಆದರೆ ಅದು ಕಾಲುದಾರಿಯಲ್ಲಿ ಬರುತ್ತದೆ.

ಹೇಗೆ ಬರುತ್ತದೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬಯಸುತ್ತೇವೆ. ಕಥೆ ನಡೆಯುವುದು ತೀರ್ಥಹಳ್ಳಿಯ ಸುತ್ತಮುತ್ತ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ. 1881ರಲ್ಲಿ ಆಂಗ್ಲರು ಮೈಸೂರನ್ನು ಒಡೆಯರಿಗೆ ಹಿಂತಿರುಗಿಸಿದ್ದರು; ದಿವಾನ್ ರಂಗಾಚಾರ್ಲು ಅವರು ಅದೇ ವರ್ಷ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದ್ದರು. ಕಾದಂಬರಿಯ ಜನರಿಗೆ ಇದಾವುದರ ಸೋಂಕೂ ಇಲ್ಲ. ಅವರಿಗೆ ಹೊಸ ಯುಗವೆಂದರೆ ಪಾದ್ರಿಯ ಉಪದೇಶ ಮತ್ತು ಅವರು ‘ಬೀಸೆಕಲ್ಲು’ ಎಂದು ಕರೆಯುವ ಬೈಸಿಕಲ್ಲು. ಇನ್ನು ಇಲ್ಲಿರುವ ನಮಗೆ ವಿಶೇಷವಾದ ಸಂಗತಿಯೊಂದಿದೆ. ಆ ಕಾಡಿನ ಕಥೆಯ ನಡುವೆ ಕವಿಗಳು ಷಿಕಾಗೋ ನಗರದ ಸರ್ವಧರ್ಮ ಸಮ್ಮೇಳನವನ್ನೂ ಸ್ವಾಮಿ ವಿವೇಕಾನಂದರನ್ನೂ ತರುತ್ತಾರೆ. 1892ರಲ್ಲಿ ಸ್ವಾಮಿಗಳು ಬೆಂಗಳೂರು, ಮೈಸೂರುಗಳಿಗೆ ಬಂದು ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರು. 1893ರ ಸೆಪ್ಟೆಂಬರ್ 11ರಂದು ಸಮ್ಮೇಳನ ಆರಂಭವಾಯಿತು. ವಿದ್ಯಾರ್ಥಿದೆಸೆಯಲ್ಲಿ ಮೈಸೂರಿನ ರಾಮಕೃಷ್ಣಾಶ್ರಮದ ಆಶ್ರಯ ಪಡೆದು, ವಿವೇಕಾನಂದರ ಜೀವನಚರಿತ್ರೆಯನ್ನೇ ಬರೆದ ಕುವೆಂಪು ಅವರು ಆ ಭಾಷಣವನ್ನು ಗುತ್ತಿಯ ನಡಿಗೆಯ ಪಕ್ಕದಲ್ಲಿ ಇಡುತ್ತಾರೆ. ಒಂದನ್ನು ಜಗತ್ತು ನೆನಪಿಟ್ಟಿತು, ಇನ್ನೊಂದನ್ನು ಬರೆದಿಡಲು ಯಾರೂ ಇರಲಿಲ್ಲ. ಮೂವತ್ತು ವರ್ಷ ಈ ದೇಶದಲ್ಲಿದ್ದೂ ಷಿಕಾಗೋದ ವಿಷಯ ನಮಗೆ ತಿಳಿದಿತ್ತು, ಗುತ್ತಿಯ ವಿಷಯ ತಿಳಿದಿರಲಿಲ್ಲ ಎಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳಬೇಕು.

ವೈದ್ಯರಾಗಿ ಇನ್ನೊಂದು ಮಾತು. ಈ ಕಾಡು ಬರಿಯ ಸೌಂದರ್ಯದ ಕಾಡಲ್ಲ. ಅದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಮಲೆನಾಡೆಂದರೆ ಚಳಿಜ್ವರದ ಸೀಮೆಯೆಂದು ಬಯಲಿನವರು ಹೆಣ್ಣು ಕೊಡಲು ಹಿಂಜರಿಯುತ್ತಿದ್ದುದನ್ನು ನಮ್ಮ ಅಜ್ಜಿಯವರ ಬಾಯಿಂದ ಕೇಳಿದ್ದೇವೆ. ಮಲೇರಿಯಾದ ಪರೋಪಜೀವಿಯನ್ನು 1880ರಲ್ಲಿ ಲಾವೆರಾನ್ ಕಂಡಿದ್ದರೂ, ಅದನ್ನು ಹೊರುವುದು ಸೊಳ್ಳೆ ಎಂಬುದಕ್ಕೆ ಆಧಾರ ದೊರೆತದ್ದು 1897ರಲ್ಲಿ, ಸಿಕಂದರಾಬಾದಿನ ರೊನಾಲ್ಡ್ ರಾಸ್ ಅವರ ಸೂಕ್ಷ್ಮದರ್ಶಕದಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಇದೇ ರಾಸ್ ಕಾಲರಾ ನಿಯಂತ್ರಣಕ್ಕೆಂದು ಬೆಂಗಳೂರಿಗೆ ಬಂದಿದ್ದರು. ಎಂದರೆ, ಕಥೆ ನಡೆಯುವ ಕಾಲದಲ್ಲಿ ಜ್ವರ ಹರಡುವ ಬಗೆ ಗುತ್ತಿಗೆ ಹೇಗೆ ತಿಳಿದಿರಲಿಲ್ಲವೋ ಲಂಡನ್ನಿನ ಮಹಾಪಂಡಿತರಿಗೂ ಹಾಗೆಯೇ ತಿಳಿದಿರಲಿಲ್ಲ. ದೆವ್ವ, ಪಂಜ್ರೊಳ್ಳಿ, ಹರಕೆ ಎಂದು ಓಡಾಡುವವರನ್ನು ನೋಡಿ ಮೊದಲ ಓದುಗಳಲ್ಲಿ ನಾವು ಎಂ.ಬಿ.ಬಿ.ಎಸ್. ಪದವೀಧರರ ನಗೆ ನಕ್ಕಿದ್ದೆವು. ದಿನಾಂಕಗಳನ್ನು ಜೋಡಿಸಿ ನೋಡಿದ ಮೇಲೆ ಆ ನಗೆ ನಿಂತಿತು. ಇಷ್ಟೇ ಅಲ್ಲ, ಅದೇ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. ಕಾಡಿನ ಉಣ್ಣೆಯಿಂದ ಹರಡುವ ಈ ರೋಗ ಇಂದಿಗೂ ಅಲ್ಲಿಯವರನ್ನು ಬಾಧಿಸುತ್ತಿದೆ.

ಈಗ ನಮ್ಮ ಅಪರಾಧದ ಭಾಗಕ್ಕೆ ಬರುತ್ತೇವೆ. 2007ರಲ್ಲಿ ಮೂರನೆಯ ಸಲ ಪುಸ್ತಕವನ್ನು ಕಪಾಟಿಗೆ ಸೇರಿಸಿದ ಕೆಲವು ವಾರಗಳ ಬಳಿಕ, ಭಾನುವಾರದ ದೂರವಾಣಿಯಲ್ಲಿ ತಂದೆಯವರು ಎಂದಿನಂತೆ “ಎಲ್ಲಿಗೆ ಬಂದಿತು?” ಎಂದು ಕೇಳಿದರು. ಹನ್ನೊಂದು ವರ್ಷಗಳಿಂದ ಅದೇ ಪ್ರಶ್ನೆ. ನಾಚಿಕೆಯೋ ಬೇಸರವೋ, “ಮುಗಿಯಿತಪ್ಪ” ಎಂದುಬಿಟ್ಟೆವು. ಅವರ ದನಿಯಲ್ಲಿ ಒಂದು ಬಗೆಯ ಸಡಗರ ಬಂದಿತು. “ಹುಲಿಯನ ಗತಿ ಓದಿ ಏನನ್ನಿಸಿತು?” ಎಂದರು. ಹುಲಿಯ ನಾಯಿ ಎಂಬಷ್ಟು ನಮಗೆ ತಿಳಿದಿತ್ತು. “ಅಷ್ಟು ಅಲೆದಾಡಿ ಕೊನೆಗೂ ಮನೆ ಸೇರಿತಲ್ಲ, ಸಮಾಧಾನವಾಯಿತು” ಎಂದೆವು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಅನಂತರ, “ಹೌದು ಹೌದು. ಅಲ್ಲಿ ಹಿಮ ಬೀಳುತ್ತಿದೆಯೇ?” ಎಂದು ಕೇಳಿದರು. ಮುಂದೆ ಎಂದೂ ಪುಸ್ತಕದ ಮಾತೆತ್ತಲಿಲ್ಲ. 2009ರಲ್ಲಿ ಅವರು ತೀರಿಕೊಂಡರು.

ಈ ನಡುವೆ ಕಾದಂಬರಿ ತನ್ನ ಪಾಡಿಗೆ ಹೊಸ ಓದುಗರನ್ನು ಹುಡುಕಿಕೊಂಡಿತು. 2010ರಲ್ಲಿ ಮೈಸೂರಿನ ರಂಗಾಯಣದವರು ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಇದನ್ನು ರಂಗಕ್ಕೆ ತಂದರು; ರಂಗರೂಪ ಕೆ.ವೈ. ನಾರಾಯಣಸ್ವಾಮಿಯವರದು. ಸುಮಾರು ಒಂಬತ್ತು ಗಂಟೆಗಳ, ಇಡೀ ರಾತ್ರಿಯ ಪ್ರಯೋಗ. ಅಲ್ಲಿಯ ಪ್ರೇಕ್ಷಕರಲ್ಲಿ ಪುಸ್ತಕವನ್ನು ನಮ್ಮಂತೆಯೇ ಅರ್ಧಕ್ಕೆ ಬಿಟ್ಟವರೂ ಇದ್ದಿರಬೇಕು. 2024ರಲ್ಲಿ ವನಮಾಲಾ ವಿಶ್ವನಾಥ ಅವರ ಇಂಗ್ಲಿಷ್ ಅನುವಾದ ಪ್ರಕಟವಾಗಿದೆ. ಕನ್ನಡ ಓದಲಾರದ ನಮ್ಮ ಮಕ್ಕಳಿಗೆ ಇದೊಂದು ಉಪಕಾರ. ಆದರೆ ಬೀಸೆಕಲ್ಲು ಎಂದು ಕೇಳಿದೊಡನೆ ಬರುವ ನಗೆಯನ್ನು ಯಾವ ಅನುವಾದಕರೂ ಪೂರ್ತಿ ದಾಟಿಸಲಾರರೆಂಬುದು ನಮ್ಮ ಅನಿಸಿಕೆ.

ನಾಲ್ಕನೆಯ ಪ್ರಯತ್ನ 2020ರ ಮಹಾಮಾರಿಯ ಕಾಲದ್ದು. ಹಗಲೆಲ್ಲ ಆಸ್ಪತ್ರೆಯಲ್ಲಿ ನೋಡಿದ್ದನ್ನು ಮನೆಯಲ್ಲಿ ಹೇಳುವಂತಿರಲಿಲ್ಲ. ನಾಲ್ಕು ಕುಟುಂಬಗಳು ಸೇರಿ ಶನಿವಾರ ರಾತ್ರಿ ಕಂಪ್ಯೂಟರಿನ ಮುಂದೆ ಕುಳಿತು ಗಟ್ಟಿಯಾಗಿ ಓದತೊಡಗಿದೆವು. ನಮ್ಮಲ್ಲಿ ಕೊಪ್ಪದ ಕಡೆಯ ಒಬ್ಬ ಮಹಿಳೆಯಿದ್ದರು. ನಾವು ನಿಘಂಟು ನೋಡಿ ಸೋತಿದ್ದ ಮಾತುಗಳನ್ನು ಆಕೆ ತಮ್ಮ ಅಜ್ಜಿಯ ದನಿಯಲ್ಲಿ ಓದಿದರೆ ಅರ್ಥ ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಮನೆಗಳ ಹೆಸರುಗಳನ್ನು ದೊಡ್ಡ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ಒಂದು ರಾತ್ರಿಗೆ ಹತ್ತು ಹನ್ನೆರಡು ಪುಟ. ಹದಿನಾಲ್ಕು ತಿಂಗಳು ಹಿಡಿಯಿತು. ಕಣ್ಣಿನಿಂದ ಓದಿದಾಗ ಕಾಡಾಗಿದ್ದುದು ಕಿವಿಯಿಂದ ಕೇಳಿದಾಗ ದಾರಿಯಾಯಿತು.

ಕೊನೆಯ ಭಾಗವನ್ನು ಓದುವ ಸರದಿ ನಮ್ಮದಾಗಿತ್ತು. ಮುಂಗಾರಿನ ತುಂಬಿದ ತುಂಗೆಯಲ್ಲಿ, ಒಡೆಯನನ್ನು ಬಿಟ್ಟಿರಲಾರದ ಹುಲಿಯ ಕೊಚ್ಚಿಹೋಗುತ್ತದೆ. ಅದು ಮನೆ ಸೇರುವುದಿಲ್ಲ. ಓದುವುದನ್ನು ನಿಲ್ಲಿಸಿದೆವು. ಪರದೆಯ ಮೇಲಿದ್ದವರು ನಾಯಿಗಾಗಿ ಎಂದು ತಿಳಿದರು. ಹಾಗೆಯೇ ತಿಳಿಯಲೆಂದು ಬಿಟ್ಟೆವು.

ಆ ರಾತ್ರಿ ಎಲ್ಲರೂ ಹೋದ ಮೇಲೆ ಪುಸ್ತಕವನ್ನು ಮೊದಲಿನಿಂದ ತಿರುವಿದೆವು. ಅಂಚುಗಳಲ್ಲಿ ತಂದೆಯವರು ಪೆನ್ಸಿಲಿನಿಂದ ಬರೆದಿದ್ದ ಸಣ್ಣ ಅಂಕಿಗಳನ್ನು ಪಾಠದ ಗುರುತೆಂದು ಇಷ್ಟು ದಿನವೂ ಕಡೆಗಣಿಸಿದ್ದೆವು. ಅವು ದಿನಾಂಕಗಳು. ಮೊದಲನೆಯದು 1968ರದು. ನೂರ ನಲವತ್ತನೆಯ ಪುಟದ ಸುಮಾರಿಗೆ ಅವು ನಿಂತುಬಿಡುತ್ತವೆ. ಮತ್ತೆ ಮೊದಲ ಪುಟದಲ್ಲಿ, ಬೇರೆ ಪೆನ್ಸಿಲಿನಲ್ಲಿ, 1971 ಎಂದಿದೆ. ಅದೂ ನಡುವೆ ನಿಲ್ಲುತ್ತದೆ. ಕೊನೆಯ ಪುಟದ ಕೆಳಗೆ ಇರುವುದು 1976ರ ಜೂನ್ ತಿಂಗಳ ಒಂದು ದಿನ.

ಬರುವ ಶನಿವಾರದಿಂದ ಮತ್ತೆ ಮೊದಲ ಪುಟದಿಂದ ಓದು ಆರಂಭಿಸುತ್ತಿದ್ದೇವೆ. ಕೂಟದ ಗ್ರಂಥಭಂಡಾರದಲ್ಲಿ ಎರಡು ಪ್ರತಿಗಳಿವೆ, ಮೂರನೆಯದು ನಮ್ಮಲ್ಲಿದೆ. ರಟ್ಟು ಸಡಿಲವಾಗಿರುವುದರಿಂದ ಅದನ್ನು ಮಾತ್ರ ನಮ್ಮ ಮನೆಗೇ ಬಂದು ಓದಬೇಕೆಂದು ವಿನಂತಿ.